ಮಾರ್ಚ್‌ನಲ್ಲಿ ತೆರೆಯುವ ಮೊದಲ ಪುಟ

ಮಕ್ಕಳ ನೆರವಿಗೆಂದು ಚಿತ್ರ ಮಾರುವ ಪದ್ಧತಿ ಹೊಸದೇನಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜೆಕೊಸ್ಲೊವಾಕಿಯಾದ ಹಳ್ಳಿಯೊಂದಕ್ಕೆ ಯುನಿಸೆಫ್ ನೆರವು ತಲುಪಿತು. ಅಲ್ಲಿನ ಏಳು ವರ್ಷದ ಬಾಲಕಿಯೊಬ್ಬಳು ಕೃತಜ್ಞತೆಗೆಂದು ಚಿತ್ರ ಬರೆದಳು. ಕಾಗದ ಸಿಗದ ಕಾಲ. ಗಾಜಿನ ಮೇಲೆ ಬರೆದಳು. 1949ರಲ್ಲಿ ಅದೇ ಯುನಿಸೆಫ್‌ನ ಮೊದಲ ಶುಭಾಶಯ ಪತ್ರವಾಯಿತು.

ಆದರೆ ಕಾರ್ಡಿಗಿಂತ ಕ್ಯಾಲೆಂಡರ್ ಕಷ್ಟದ ಸರಕು. ಉಳಿದ ಕಾರ್ಡು ಮುಂದಿನ ವರ್ಷಕ್ಕಾದೀತು. ಉಳಿದ ಕ್ಯಾಲೆಂಡರ್ ಫೆಬ್ರುವರಿ ಹೊತ್ತಿಗೆ ರದ್ದಿ. ಅಚ್ಚಿನ ಖರ್ಚೂ ಹುಟ್ಟದಿದ್ದರೆ ಮಕ್ಕಳಿಗೆ ಸೇರಬೇಕಾದ ಹಣವೇ ಕರಗುತ್ತದೆ. ಈ ವಿಷಯದಲ್ಲಿ ಹೊರದೇಶಗಳಲ್ಲಿ ನೆಲೆಸಿ ತಾಯ್ನಾಡಿನ ಮಕ್ಕಳಿಗಾಗಿ ಕಲಾ ಕ್ಯಾಲೆಂಡರ್ ತರುವ ಇರಾನಿಯರು ಅದೃಷ್ಟವಂತರು. ಅವರಿಗೆ ಎರಡು ಹೊಸ ವರ್ಷ! ಡಿಸೆಂಬರಿನಲ್ಲಿ ಕೊಳ್ಳದವರು ಮಾರ್ಚ್‌ನಲ್ಲಿ ಬರುವ ನೌರೋಜಿಗೆ ಕೊಂಡಾರು.

ಇರಾನಿನ ವರ್ಷ ಸೂರ್ಯನನ್ನೇ ನಂಬಿದ್ದು. ವಸಂತ ವಿಷುವದ ಕ್ಷಣ ಅಲ್ಲಿನ ನಡುಹಗಲಿಗೆ ಮೊದಲು ಬಿದ್ದರೆ ಆ ದಿನವೇ ಹೊಸ ವರ್ಷ. ನಂತರ ಬಿದ್ದರೆ ಮರುದಿನ. 2025ರಲ್ಲಿ ಮಾರ್ಚ್ 20ರಂದು ಟೆಹರಾನಿನಲ್ಲಿ ಮಧ್ಯಾಹ್ನ ಕಳೆದು ಸುಮಾರು ಅರ್ಧ ಗಂಟೆಗೆ ವಿಷುವ ಬಂತು. ಹಾಗಾಗಿ ಹಳೆಯ ವರ್ಷಕ್ಕೆ ಒಂದು ದಿನ ಹೆಚ್ಚಾಗಿ, 1404ನೆಯ ವರ್ಷ 21ರಂದು ಶುರುವಾಯಿತು. 1079ರಲ್ಲಿ ಸುಲ್ತಾನ್ ಮಲಿಕ್ ಶಾಹನ ಕಾಲದಲ್ಲಿ ಈ ಬಗೆಯ ಲೆಕ್ಕ ಕಟ್ಟಿದ ಪಂಡಿತರಲ್ಲಿ ಉಮರ್ ಖಯ್ಯಾಮನೂ ಒಬ್ಬ. ನಾವು ಅವನನ್ನು ಮಧುಪಾತ್ರೆಯ ಕವಿಯೆಂದಷ್ಟೇ ಬಲ್ಲೆವು, ಪಾಪ. ಈಗಿನ ರೂಪದಲ್ಲಿ ಅದು ಅಧಿಕೃತವಾದದ್ದು 1925ರಲ್ಲಿ. ಮೊದಲ ಆರು ತಿಂಗಳಿಗೆ 31 ದಿನ, ಮುಂದಿನ ಐದಕ್ಕೆ 30, ಕೊನೆಯದಕ್ಕೆ 29 ಅಥವಾ 30. ನಮ್ಮ ಸರ್ಕಾರ 1957ರಲ್ಲಿ ಒಪ್ಪಿಕೊಂಡ ಶಕ ಪಂಚಾಂಗದ ಜಾಯಮಾನವೂ ಹೆಚ್ಚುಕಡಿಮೆ ಇದೇ. ವ್ಯತ್ಯಾಸವೆಂದರೆ ನಮ್ಮದು ಗೆಜೆಟ್ಟಿನಲ್ಲಿ ಉಳಿಯಿತು, ಅವರದು ಅಡುಗೆಮನೆಯ ಗೋಡೆಗೆ ಬಂತು.

ಹೀಗೆ ಬದುಕಿನ ಜತೆ ಬೆರೆತದ್ದರಿಂದಲೇ ಚಿತ್ರಕಾರನಿಗೆ ಪ್ರತಿ ಪುಟದಲ್ಲೂ ವಸ್ತುವಿದೆ. ಮೊದಲ ತಿಂಗಳು ಫರ್ವರ್ದೀನ್‌ಗೆ ‘ಹಫ್ತ್ ಸೀನ್’: ‘ಸ’ಕಾರದಿಂದ ಹೆಸರು ಶುರುವಾಗುವ ಏಳು ವಸ್ತುಗಳ ಸಾಲು; ಸೇಬು, ಬೆಳ್ಳುಳ್ಳಿ, ಮೊಳಕೆಯ ಪೈರು ಇತ್ಯಾದಿ. ಪಕ್ಕದಲ್ಲಿ ಗಾಜಿನ ಬಟ್ಟಲಲ್ಲಿ ಕೆಂಪು ಮೀನು. ಹದಿಮೂರನೆಯ ದಿನ ಮನೆಯಲ್ಲಿ ಕೂರುವಂತಿಲ್ಲ, ಬುತ್ತಿ ಕಟ್ಟಿಕೊಂಡು ಬಯಲಿಗೆ ಹೋಗಬೇಕು. ಆಜರ್ ತಿಂಗಳ ಕೊನೆಗೆ ವರ್ಷದ ಅತಿ ದೀರ್ಘ ರಾತ್ರಿ ‘ಯಲ್ದಾ’. ದಾಳಿಂಬೆ, ಕಲ್ಲಂಗಡಿ ಹಣ್ಣು, ಹಾಫಿಜನ ಕಾವ್ಯ. ಚಿತ್ರಗಳ ನೀಲಿಯೂ ಕನ್ನಡಿಗರಿಗೆ ತೀರ ಪರಕೀಯವಲ್ಲ. ಇರಾನಿನ ಗೀಲಾನಿನಿಂದ ಬಂದ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸಾದ ಗೋಡೆಯ ಮೇಲೆ ಆ ಬಣ್ಣದ ಹೆಂಚುಗಳು ಇನ್ನೂ ಅಲ್ಲಲ್ಲಿ ಅಂಟಿಕೊಂಡಿವೆ.

ಮಕ್ಕಳಿಗಾಗಿ ಚಿತ್ರ ಬರೆಯುವುದರಲ್ಲೂ ಇರಾನಿಗೆ ಹೆಸರಿದೆ. ಸಮದ್ ಬೆಹ್ರಂಗಿಯ ‘ಪುಟ್ಟ ಕಪ್ಪು ಮೀನು’ ಕಥೆ 1968ರಲ್ಲಿ ಟೆಹರಾನಿನ ಮಕ್ಕಳ ಸಂಸ್ಥೆ ‘ಕಾನೂನ್’ನಿಂದ ಹೊರಬಂತು. ಅದಕ್ಕೆ ಚಿತ್ರ ಬರೆದ ಫರ್ಶೀದ್ ಮೆಸ್ಗಾಲಿಗೆ 1974ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಬಂತು.

ನೆರವು ಕೇಳುವ ಸಂಸ್ಥೆಗಳು ಸಾಮಾನ್ಯವಾಗಿ ಮಗುವಿನ ಸೊರಗಿದ ಮುಖವನ್ನೇ ಮುಂದೆ ಹಿಡಿಯುತ್ತವೆ. ಹಣ ಬರುತ್ತದೆ, ನಿಜ. ಆದರೆ ತನ್ನ ಕಾಯಿಲೆ ಯಾರದೋ ಗೋಡೆಯ ಮೇಲೆ ತಿಂಗಳುಗಟ್ಟಲೆ ತೂಗಾಡಲಿ ಎಂದು ಯಾವ ಮಗು ತಾನೇ ಒಪ್ಪೀತು? ದಾಳಿಂಬೆಯ ಚಿತ್ರ ಮಾರಿ ತಂದ ಹಣದಿಂದಲೂ ಔಷಧಿ ಬರುತ್ತದೆ.

ಔಷಧಿಯ ಅಗತ್ಯವಂತೂ ಕಥೆಯಲ್ಲ. ಕ್ಯಾನ್ಸರ್ ಪೀಡಿತ ಮಕ್ಕಳಿಗಾಗಿ ದುಡಿಯುವ ‘ಮಹಕ್’ ಸಂಸ್ಥೆಯನ್ನು 1991ರಲ್ಲಿ ಟೆಹರಾನಿನಲ್ಲಿ ಕಟ್ಟಿದ ಸಯೀದೆ ಖೋದ್ಸ್, ಮಗಳಿಗೆ ಆ ರೋಗ ತಗುಲಿದಾಗ ಆಸ್ಪತ್ರೆ ಅಲೆದ ತಾಯಿ. ಜನರ ದೇಣಿಗೆಯಿಂದಲೇ ಮಹಕ್ ಮುಂದೆ ಸ್ವಂತ ಆಸ್ಪತ್ರೆಯನ್ನೂ ಕಟ್ಟಿತು. ದೂರದೂರುಗಳಿಂದ ಬರುವ ಮಕ್ಕಳಿಗೆ ಚಿಕಿತ್ಸೆಯಷ್ಟೇ ಸಾಲದು; ಜತೆಗೆ ಬಂದವರಿಗೆ ತಂಗಲು ಜಾಗ ಬೇಕು, ಊಟ ಬೇಕು.

ಏಳನೆಯ ತಿಂಗಳು ಮೆಹ್ರ್, ನಮ್ಮ ಮಿತ್ರನ ಸೋದರ ಶಬ್ದ. ಅದರ ಮೊದಲ ದಿನ, ಅಂದರೆ ಸೆಪ್ಟೆಂಬರ್ 23ರ ಸುಮಾರಿಗೆ, ಇರಾನಿನಾದ್ಯಂತ ಶಾಲೆ ತೆರೆಯುತ್ತದೆ. ಚಿಕಿತ್ಸೆಗೆಂದು ಊರು ಬಿಟ್ಟು ಬಂದ ಮಕ್ಕಳಿಗೆ ಅಂದು ತರಗತಿ ತಪ್ಪುತ್ತದೆ.