ಮರವೇರಿ ಕೂರುವ ಆಸನ

ಕಳೆದ ಕಾರ್ತಿಕಮಾಸದಲ್ಲಿ ನಮ್ಮ ತಂಗಿಯ ಮಗನು ಅಮೆರಿಕೆಯಿಂದ ನಿಟ್ಟೂರಿಗೆ ಬಂದು ಹದಿನೈದು ದಿವಸ ನಮ್ಮಲ್ಲಿದ್ದನು. ಅವನು ನೌಕರಿಯಲ್ಲಿರುವ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಜಿಂಕೆಗಳು ಬಹಳ; ಸರಕಾರಕ್ಕೆ ಹಣ ಕಟ್ಟಿ ಪರವಾನಗಿ ಪಡೆದವರು ಶರತ್ಕಾಲದಲ್ಲಿ ಬೇಟೆಯಾಡುವುದು ಅಲ್ಲಿಯ ವಾಡಿಕೆ. ಸಂಗಡಿಗರು ಮುಂದಿನ ವರ್ಷ ಅವನನ್ನೂ ಕರೆದಿದ್ದಾರಂತೆ. ಒಂದು ಸಂಜೆ ಜಗಲಿಯಲ್ಲಿ ಕುಳಿತು, ಮರವನ್ನೇರಿ ಮೃಗವನ್ನು ಕಾದಿರುವುದಕ್ಕೆ ಆ ದೇಶದವರು ಬಳಸುವ ಬಗೆಬಗೆಯ ಆಸನಗಳ ಚಿತ್ರಗಳನ್ನು ತನ್ನ ಫೋನಿನಲ್ಲಿ ತೋರಿಸಿ, “ಮಾವ, ಇವುಗಳಲ್ಲಿ ಆರಾಮವಾದದ್ದು ಯಾವುದು, ನೀವೇ ಹೇಳಿ” ಎಂದು ವಿನೋದವಾಗಿ ಕೇಳಿದನು. ಮೂವತ್ತು ವರ್ಷ ಮಕ್ಕಳಿಂದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವರಲ್ಲಿ ಬೇಟೆಯ ಸಾಧನದ ವಿಷಯವಾಗಿ ಸಲಹೆ ಕೇಳುವುದು ತಮಾಷೆಯೇ ಸರಿ. ಆದರೆ ಆ ಪ್ರಶ್ನೆಯನ್ನು ನಾವು ನಕ್ಕು ತಳ್ಳಿಹಾಕಲಾರದೆ ಹೋದೆವು. ಅದಕ್ಕೆ ಕಾರಣವೇನೆಂಬುದನ್ನು ಈ ತಿಂಗಳು ವಾಚಕರೊಡನೆ ಹೇಳಿಕೊಳ್ಳಬೇಕೆಂದಿದ್ದೇವೆ.

ಮರವೇರಿ ಕಾಯುವ ಬೇಟೆಯು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಜನರು ಕೂಗಿ ಗದ್ದಲವೆಬ್ಬಿಸಿ ಮೃಗಗಳನ್ನು ಅಟ್ಟಿಕೊಂಡು ಬರುವುದಕ್ಕೆ ಮಲೆನಾಡಿನ ಹಿರಿಯರು ‘ಸೋವು’ ಎನ್ನುತ್ತಿದ್ದರು. ಸದ್ದಿಲ್ಲದೆ ಅಡಗಿ ಕುಳಿತು ಕಾಯುವುದಕ್ಕೆ ‘ಮರಸು’ ಎನ್ನುತ್ತಿದ್ದರು. ಕುವೆಂಪುರವರ ‘ಮಲೆನಾಡಿನ ಚಿತ್ರಗಳು’ 1933ರಲ್ಲಿ ಪ್ರಕಟವಾದ ಪುಸ್ತಕ. ತೀರ್ಥಹಳ್ಳಿಯ ಕಡೆಯ ಅಂದಿನ ಬೇಟೆಗಾರರ ರೀತಿಯನ್ನು ಅದರಲ್ಲಿ ಕಾಣಬಹುದು. ಇನ್ನೂ ಹಿಂದಕ್ಕೆ ಹೋದರೆ, ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೃಗಯೆಗೆಂದೇ ಒಂದು ಪ್ರಕರಣವುಂಟು.

ಕಾಡುನೆಲ್ಲಿಯ ಕಾಯಿ ಉದುರುವ ಕಾಲದಲ್ಲಿ ಜಿಂಕೆ, ಕಾಡುಕುರಿ ಮೊದಲಾದವು ಅದನ್ನು ತಿನ್ನಲು ಮರದಡಿಗೆ ಬರುವುವು. ಎದುರಿನ ಮರದ ಕವಲಿಗೆ ನಾಲ್ಕು ಗಳುಗಳನ್ನು ಅಡ್ಡ ಕಟ್ಟಿ, ಸೊಪ್ಪಿನ ಮರೆ ಮಾಡಿಕೊಂಡರೆ ಅದೇ ಅಟ್ಟಣೆ. ನಮ್ಮ ತಂದೆಯವರು ಹುಡುಗರಾಗಿದ್ದಾಗ ಒಮ್ಮೆ ಹಿರಿಯರ ಸಂಗಡ ಇಂತಹ ಅಟ್ಟಣೆಯಲ್ಲಿ ರಾತ್ರಿ ಕಳೆದರಂತೆ. ಗಳುಗಳು ತೊಡೆಗೆ ಒತ್ತಿ ಕಾಲು ಜೋಮು ಹಿಡಿಯಿತು. ಕಡವೆಯು ಬಂದ ಗಳಿಗೆಯಲ್ಲಿಯೇ ತಡೆಯಲಾರದೆ ಕಾಲನ್ನು ಹೊರಳಿಸಿದರು, ಗಳು ಕಿರ್ರೆಂದಿತು, ಕಡವೆ ಓಡಿಹೋಯಿತು. ಕಡವೆಯು ಬದುಕಿಕೊಂಡದ್ದು ಒಳ್ಳೆಯದೇ ಆಯಿತು. ಆದರೆ ಬೆಳಗಾದ ಮೇಲೆ ಇಳಿಯಹೋದಾಗ ಜೋಮು ಹಿಡಿದ ಕಾಲು ಕವಲಿನ ಮೇಲೆ ನಿಲ್ಲದೆ ತಂದೆಯವರು ಜಾರಿ ಬಿದ್ದರು. ಎಡಗೈಯ ಮಣಿಕಟ್ಟಿನ ಸೊಟ್ಟು ಅವರಿಗೆ ಕಡೆಯವರೆಗೂ ಇದ್ದಿತು. ಬೆಂಗಳೂರಿನಲ್ಲಿ ನೆಲೆಸಿದ್ದ ಪ್ರಸಿದ್ಧ ಬೇಟೆಗಾರ ಕೆನೆತ್ ಆಂಡರ್ಸನ್ನನು ಹಗ್ಗದ ಮಂಚವನ್ನೇ ಮರಕ್ಕೆ ಕಟ್ಟಿಸಿ ಕುಳಿತುಕೊಳ್ಳುತ್ತಿದ್ದನೆಂದು ಮುಂದೆ ಓದಿದಾಗ, ಅವನು ಅನುಭವಸ್ಥನೆಂದುಕೊಂಡೆವು.

ಇದೆಲ್ಲ ಹಿಂದಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಜಿಂಕೆ, ಕಡವೆ, ಕಾಡುಕುರಿ ಇವುಗಳ ಬೇಟೆಯು ನಮ್ಮಲ್ಲಿ ದಂಡನೆಗೆ ಗುರಿಯಾಗುವ ಅಪರಾಧವಾಗಿದೆ. ಕಾಳಿದಾಸನ ಶಾಕುಂತಲವು ಆರಂಭವಾಗುವುದೇ, ಬಾಣ ಹೂಡಿ ಜಿಂಕೆಯನ್ನು ಬೆನ್ನಟ್ಟಿದ ದೊರೆಯನ್ನು ತಪಸ್ವಿಗಳು ತಡೆಯುವುದರಿಂದ. ಅಂದು ತಪಸ್ವಿಗಳು ಹೇಳಿದುದನ್ನು ಇಂದು ಕಾನೂನು ಹೇಳುತ್ತಿರುವುದೆಂದು ಇಟ್ಟುಕೊಳ್ಳೋಣ. ಆದುದರಿಂದ ಈ ಲೇಖನವನ್ನೋದಿ ಯಾರೂ ಕೋವಿಯನ್ನು ಹುಡುಕಹೊರಡತಕ್ಕದ್ದಲ್ಲ.

ಇನ್ನು ಹುಡುಗನು ತೋರಿಸಿದ ಆಸನದ ರಚನೆಯನ್ನು ಹೇಳುವೆವು. ಅದರಲ್ಲಿ ಎರಡು ಚೌಕಟ್ಟುಗಳು. ಮೇಲಿನದು ಕುಳಿತುಕೊಳ್ಳಲು, ಕೆಳಗಿನದು ಪಾದಗಳನ್ನಿಡಲು. ಒಂದೊಂದಕ್ಕೂ ಮರದ ಬೊಡ್ಡೆಯನ್ನು ಬಳಸಿ ಹಿಡಿಯುವ ಉಕ್ಕಿನ ಹಗ್ಗ ಅಥವಾ ಪಟ್ಟಿ ಇರುವುದು. ಕುಳಿತ ಭಾರಕ್ಕೆ ಚೌಕಟ್ಟು ಮರವನ್ನು ಕಚ್ಚಿಕೊಳ್ಳುವುದು. ಭಾರವನ್ನು ತೆಗೆದೊಡನೆ ಸಡಿಲವಾಗುವುದು. ಏರುವವನು ಮೇಲಿನದರಲ್ಲಿ ಕುಳಿತು ಕಾಲುಗಳಿಂದ ಕೆಳಗಿನದನ್ನು ಎತ್ತಿಕೊಳ್ಳುವನು. ಬಳಿಕ ಕೆಳಗಿನದರ ಮೇಲೆ ನಿಂತು ಮೇಲಿನದನ್ನು ಎತ್ತುವನು. ಕಂಬಳಿಹುಳವು ಬೆನ್ನನ್ನು ಬಾಗಿಸಿ ನೀಡಿ ಮುಂದುವರಿಯುವ ಹಾಗೆ ಗೇಣುಗೇಣಾಗಿ ಮೇಲೇರುವುದು. ಇದಕ್ಕೆ ಕೊಂಬೆಗಳಿಲ್ಲದ ನೆಟ್ಟನೆಯ ಮರವೇ ಬೇಕು.

ಇದನ್ನು ಕೇಳುತ್ತಿದ್ದಂತೆ ನಮಗೆ ಜಗಲಿಯ ಕೆಳಗಿನ ತೋಟದ ನೆನಪಾಯಿತು. ಕೊಂಬೆಯಿಲ್ಲದ ನೆಟ್ಟನೆಯ ಮರಗಳ ಊರಿನಲ್ಲಿಯೇ ನಾವು ವಾಸಿಸುವುದಷ್ಟೆ? ನಮ್ಮ ಕೊನೆಗಾರರು ಕಾಲಿಗೆ ತಳೆ ತೊಟ್ಟು ಅಡಕೆಯ ಮರವನ್ನೇರಿ, ಮೇಲೆ ಹಗ್ಗದಿಂದ ಮಣೆಯನ್ನು ಸಿಕ್ಕಿಸಿ ಅದರ ಮೇಲೆ ಕುಳಿತು ಕೊನೆ ಕೊಯ್ಯುವರು. ಅಂಗೈಯಗಲದ ಆ ಮಣೆಯೇ ಮಲೆನಾಡಿನ ಮರವೇರುವ ಆಸನ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವವರಿಗೂ ಅದೇ ಆಧಾರ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಕೋಲ್ಮನ್ನರು 1910ರಲ್ಲಿ ಈ ರೋಗದ ಕುರಿತು ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವು ಮಲೆನಾಡಿನ ತೋಟಗಳಲ್ಲಿ ಹರಡಿದುದು ಅವರ ಕಾಲದಿಂದ. ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕವನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಆದರೆ ಆ ಮದ್ದನ್ನು ಪಾಚಿಗಟ್ಟಿದ ಮರದ ತುದಿಯಲ್ಲಿ ಕುಳಿತು ಹೊಡೆಯುವವನ ಆಸನವು ಹೇಗಿದೆಯೆಂದು ಜಗಲಿಯ ಮೇಲಿರುವವರು ಎಷ್ಟು ಸಲ ವಿಚಾರಿಸಿದ್ದೇವೆ?

ನಮ್ಮ ತಪ್ಪನ್ನು ಇಲ್ಲಿ ಹೇಳಬೇಕಾಗಿದೆ. ಏಳು ವರ್ಷಗಳ ಹಿಂದೆ ಕೊಯ್ಲಿನ ಆರಂಭದಲ್ಲಿ ನಮ್ಮ ಕೊನೆಗಾರನು, “ಮೇಷ್ಟ್ರೇ, ಮಣೆಯ ಹಗ್ಗ ಸವೆದಿದೆ, ಹೊಸದು ಬೇಕಿತ್ತು” ಎಂದನು. “ಸಂತೆಗೆ ಹೋದಾಗ ತಂದರಾಯಿತು” ಎಂದೆವು. ಒಂದು ಸಂತೆ ಕಳೆಯಿತು, ನಮಗೆ ಮರೆತುಹೋಯಿತು. ಎರಡನೆಯ ವಾರ ಹಗ್ಗವು ಹರಿಯಿತು. ದೈವವಶಾತ್ ಅವನು ಆಗ ಎರಡಾಳೆತ್ತರದಲ್ಲಿ ಮಾತ್ರ ಇದ್ದನು. ಜೀವ ಉಳಿಯಿತು, ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯ ಖರ್ಚನ್ನು ನಾವೇ ಕೊಟ್ಟೆವು. ಆದರೆ ಅವನು ಮತ್ತೆ ಮರವೇರಲಿಲ್ಲ. ಈಗ ಕೋಲೂರಿಕೊಂಡು ನಡೆಯುವನು. ಮರವೇರುತ್ತಿರುವವನು ಅವನ ಮಗ. ಆ ಹುಡುಗನ ತಾಯಿ ಈ ಸಲದ ಕೊಯ್ಲಿಗೆ ಮುಂಚೆ ನಮ್ಮ ಮನೆಯವರ ಮುಂದೆ ನಿಂತು, “ಅಮ್ಮಾ, ಒಂದು ಭದ್ರವಾದ ಯಂತ್ರ ತರಿಸಿಕೊಡಿ, ಇಲ್ಲವಾದರೆ ಅವನನ್ನು ಬೆಂಗಳೂರಿಗೆ ಕಳಿಸಿಬಿಡುತ್ತೇನೆ” ಎಂದಿದ್ದಳು. ಸೋದರಳಿಯನ ಪ್ರಶ್ನೆಯು ಬಂದುದು ಈ ಮಾತಿನ ಬೆನ್ನಿಗೇ.

ಯೋಗಶಾಸ್ತ್ರವನ್ನು ಬರೆದ ಪತಂಜಲಿಯು ಆಸನಕ್ಕೆ ಎರಡೇ ಲಕ್ಷಣಗಳನ್ನು ಹೇಳುವನು: ಸ್ಥೈರ್ಯ ಮತ್ತು ಸುಖ. ಅವನು ಹೇಳಿದ ಆಸನ ಬೇರೆ, ನಾವು ಹೇಳುವ ಆಸನ ಬೇರೆ. ಆದರೂ ಅವನು ಸ್ಥೈರ್ಯವನ್ನು ಮೊದಲು ಇಟ್ಟಿರುವನೆಂಬುದನ್ನು ಮರವೇರುವವರು ನೆನಪಿಡಬೇಕು. ಹಾಗೆಂದು ಸುಖವು ಬರಿಯ ಸೊಗಸಿನ ಮಾತಲ್ಲ. ಕಾಲು ಜೋಮು ಹಿಡಿದವನು ಇಳಿಯುವಾಗ ಬೀಳುವನು. ನಮ್ಮ ತಂದೆಯವರು ಬಿದ್ದುದು ಹಾಗೆಯೇ. ಹೀಗೆ ಎತ್ತರದಲ್ಲಿ ಸುಖವೂ ಸ್ಥೈರ್ಯದ ಒಂದು ಅಂಗವೇ ಆಗಿರುವುದು.

ಆರಿಸಿಕೊಳ್ಳುವಾಗ ನೋಡತಕ್ಕ ಅಂಶಗಳನ್ನು ಇಷ್ಟು ದಿನ ವಿಚಾರಿಸಿ ತಿಳಿದಂತೆ ಬರೆಯುತ್ತೇವೆ.

ಮೊದಲನೆಯದು ಮರ. ತೆಂಗಿನ ಮರಕ್ಕೆಂದು ಮಾಡಿದ ಯಂತ್ರವು ಸಣ್ಣ ಬೊಡ್ಡೆಯ ಅಡಕೆಯ ಮರಕ್ಕೆ ಹೊಂದದು. ಮರವು ಬುಡಕ್ಕಿಂತ ತುದಿಯಲ್ಲಿ ಸಣ್ಣದು. ಬುಡದಲ್ಲಿ ಸಮತಲವಾಗಿ ಕಟ್ಟಿದ ಚೌಕಟ್ಟು ಮೇಲೇರಿದಂತೆ ಮುಂದಕ್ಕೆ ಬಾಗುವುದು. ಆದಕಾರಣ ಬುಡದಲ್ಲಿ ಮುಂದುಗಡೆಯನ್ನು ತುಸು ಮೇಲಕ್ಕೆತ್ತಿ ಕಟ್ಟಬೇಕು, ಅಥವಾ ಮೇಲೆ ಕುಳಿತಲ್ಲಿಯೇ ಬಿಗಿ ಮಾಡಿಕೊಳ್ಳುವ ಅನುಕೂಲವಿರಬೇಕು.

ಎರಡನೆಯದು ಕೂರುವ ಭಾಗ. ಅದು ಮೆತ್ತಗಿದ್ದರೆ ಸಾಲದು; ಮುಂದಂಚು ತೊಡೆಯ ಕೆಳಗೆ ಒತ್ತಬಾರದು. ಕುಳಿತಾಗ ಪಾದಗಳು ಪೂರ್ತಿಯಾಗಿ ಊರಬೇಕು. ಎತ್ತರದವನಿಗೆ ಸರಿಯಾದುದು ಕುಳ್ಳನಿಗೆ ಸರಿಯಾಗದು. ಆದುದರಿಂದ ಕೊಳ್ಳುವವನು ತನ್ನ ಅಳತೆಯಿಂದ ನೋಡದೆ ಏರುವವನ ಅಳತೆಯಿಂದ ನೋಡತಕ್ಕದ್ದು.

ಮೂರನೆಯದು ಎರಡು ಚೌಕಟ್ಟುಗಳನ್ನು ಸೇರಿಸುವ ಹಗ್ಗ. ಕೆಳಗಿನ ಚೌಕಟ್ಟು ಕಾಲಿನಿಂದ ಕಳಚಿ ನೆಲಕ್ಕೆ ಜಾರಿದರೆ, ಮೇಲೆ ಕುಳಿತವನು ತ್ರಿಶಂಕುವಾಗುವನು. ಈ ಹಗ್ಗವನ್ನು ಕಟ್ಟದೆ ನೆಲದಿಂದ ಒಂದು ಮೊಳವೂ ಏರಕೂಡದು.

ನಾಲ್ಕನೆಯದು ನಡುಪಟ್ಟಿ. ಭುಜ, ಎದೆ, ತೊಡೆಗಳನ್ನು ಬಳಸಿ ಬರುವ ಪೂರ್ಣ ಪಟ್ಟಿಯೇ ಒಳ್ಳೆಯದು. ಬರಿಯ ಸೊಂಟಕ್ಕೆ ಕಟ್ಟಿದುದು ಬಿದ್ದವನನ್ನು ತಲೆಕೆಳಗಾಗಿಸಬಹುದು. ಅದನ್ನು ನೆಲದ ಮೇಲಿರುವಾಗಲೇ ಮರಕ್ಕೆ ಸೇರಿಸಿ, ಮರಳಿ ನೆಲ ಮುಟ್ಟುವವರೆಗೂ ಬಿಚ್ಚಬಾರದು. ಪಟ್ಟಿಯಲ್ಲಿ ನೇತಾಡುವುದೂ ಅಪಾಯವೇ: ಕಾಲುಗಳಲ್ಲಿ ರಕ್ತವು ನಿಂತು ಕೆಲವು ನಿಮಿಷಗಳಲ್ಲಿಯೇ ಮೂರ್ಛೆ ಬರಬಹುದು. ಆದಕಾರಣ ಪಾದವನ್ನಿಟ್ಟು ನಿಲ್ಲುವುದಕ್ಕೆ ಒಂದು ಕುಣಿಕೆಯನ್ನು ಜೊತೆಗಿಟ್ಟುಕೊಳ್ಳಬೇಕು. ಕೆಳಗೆ ಒಬ್ಬ ಮನುಷ್ಯನು ಇರಲೇಬೇಕು. ಕತ್ತಿ, ಮದ್ದಿನ ಕೊಳವೆ ಮೊದಲಾದವುಗಳನ್ನು ಕೈಯಲ್ಲಿ ಹಿಡಿದು ಏರದೆ, ಕುಳಿತ ಮೇಲೆ ಹಗ್ಗದಿಂದ ಸೇದಿಕೊಳ್ಳಬೇಕು. ಅಮೆರಿಕೆಯ ಬೇಟೆಗಾರರಿಗೂ ತುಂಬದ ಬಂದೂಕನ್ನು ಹಾಗೆಯೇ ಸೇದಿಕೊಳ್ಳುವ ನಿಯಮವಿದೆಯೆಂದು ಹುಡುಗನು ಹೇಳಿದನು.

ಈಗ ನಮ್ಮ ದೇಶದಲ್ಲಿಯೇ ಆರಿಸಿಕೊಳ್ಳುವಷ್ಟು ಬಗೆಗಳುಂಟು. ಕಣ್ಣೂರು ಜಿಲ್ಲೆಯ ಚೆಂಬೇರಿಯಲ್ಲಿ ಹುಟ್ಟಿದ ಯಂತ್ರದಲ್ಲಿ ನಿಂತುಕೊಂಡೇ ಏರುವರು, ವೇಗ ಹೆಚ್ಚು. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾನಿಲಯದವರು ರೂಪಿಸಿದುದು ಕುಳಿತು ಏರತಕ್ಕದ್ದು; ನಿಧಾನ, ಆದರೆ ಹೊಸಬರಿಗೆ ಅಂಜಿಕೆ ಕಡಿಮೆ. ಇವೆರಡೂ ಮೂಲತಃ ತೆಂಗಿಗೆ. ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕರೊಬ್ಬರು ನಿರ್ಮಿಸಿದ, ಎಂಜಿನಿನ ಬಲದಿಂದ ಅಡಕೆಯ ಮರವನ್ನೇರುವ ಪೀಠವು 2019ರಲ್ಲಿ ನಾಡಿನಲ್ಲೆಲ್ಲ ಹೆಸರಾಯಿತು. ನೆಲದ ಮೇಲೆಯೇ ನಿಂತು ಕೊಯ್ಯುವ ಕಾರ್ಬನ್ ದೋಟಿಯೂ ಬಂದಿದೆ. ಅದು ಎಟಕುವ ತೋಟದಲ್ಲಿ ಮರವೇರುವ ಮಾತೇ ಬೇಡ. ತೆಂಗು ಅಭಿವೃದ್ಧಿ ಮಂಡಳಿಯವರು 2011ರಲ್ಲಿ ಆರಂಭಿಸಿದ ಮರವೇರುವವರ ತರಬೇತಿಯಲ್ಲಿ ಯಂತ್ರದೊಡನೆ ವಿಮೆಯನ್ನೂ ಸೇರಿಸಿದುದು ವಿವೇಕದ ಕೆಲಸ.

ಇಷ್ಟೆಲ್ಲ ತಿಳಿದುಕೊಂಡು, ಪರಿಚಿತರ ತೋಟದಿಂದ ಕುಳಿತು ಏರುವ ಯಂತ್ರವೊಂದನ್ನು ಎರವಲು ತಂದೆವು. ಕೊನೆಗಾರನ ಮಗನು ಪಟ್ಟಿ ತೊಟ್ಟು ಮೊಣಕಾಲೆತ್ತರದಲ್ಲಿಯೇ ಅರ್ಧ ಗಂಟೆ ಕುಳಿತನು. ನೆಲದ ಬಳಿ ಅರ್ಧ ಗಂಟೆ ಕೂರಲಾಗದ ಆಸನವು ಮೇಲೆ ಸುಖವಾಗುವುದುಂಟೇ? “ಮೆತ್ತಗಿದೆ ಮೇಷ್ಟ್ರೇ, ಆದರೆ ಮೊಣಕಾಲು ಮಡಚಿಕೊಂಡೇ ಇರಬೇಕಾಗುತ್ತದೆ” ಎಂದನು. ಕೆಳಗಿನ ಚೌಕಟ್ಟನ್ನು ನಾಲ್ಕು ಬೆರಳು ಇಳಿಸಿ ಕಟ್ಟಿದ ಮೇಲೆ ಅವನ ಮುಖ ಸಡಿಲವಾಯಿತು. ಅವನ ತಂದೆಯು ತೋಟದ ದಂಡೆಯ ಮೇಲೆ ಕೋಲನ್ನು ಮಗ್ಗುಲಿಗಿಟ್ಟು ಎಲ್ಲವನ್ನೂ ನೋಡುತ್ತಿದ್ದನು. ನಾವು ಹತ್ತಿರ ಹೋಗಿ, “ನಿನಗೇನನ್ನಿಸುತ್ತದೆ?” ಎಂದೆವು. ಅವನು ಯಂತ್ರದ ಬೆಲೆಯನ್ನಾಗಲಿ ವೇಗವನ್ನಾಗಲಿ ಕೇಳಲಿಲ್ಲ. “ಹತ್ತೋದು ಕಂಡೆ ಮೇಷ್ಟ್ರೇ. ಸುಸ್ತಾದ ಮೇಲೆ ಇಳಿಯೋದು ಹ್ಯಾಗೆ, ಅದನ್ನ ತೋರಿಸಲಿ” ಎಂದನು.

ಹುಡುಗನು ಆಳೆತ್ತರ ಏರಿ ಇಳಿದು ತೋರಿಸಿದನು. ಇಳಿಯುವಾಗ ಕೆಳಗಿನ ಚೌಕಟ್ಟು ಎರಡು ಸಲ ಸಿಕ್ಕಿಕೊಂಡಿತು. ತಂದೆಯು ತಲೆಯಾಡಿಸಿದನು. ಆ ಯಂತ್ರವನ್ನು ಹಿಂದಿರುಗಿಸಿದೆವು. ಅಡಕೆಯ ಬೊಡ್ಡೆಗೆ ಸರಿಯಾದ ಬೇರೊಂದನ್ನು ನೋಡಲು ಮುಂದಿನ ವಾರ ತಂದೆ ಮಗ ಇಬ್ಬರನ್ನೂ ಕರೆದುಕೊಂಡು ಹೋಗತಕ್ಕದ್ದೆಂದು ನಿಶ್ಚಯವಾಗಿದೆ. ಆರಿಸುವವರು ಅವರು, ಹಣ ಕೊಡುವುದಷ್ಟೇ ನಮ್ಮ ಕೆಲಸ. ಅಲ್ಲಿಯವರೆಗೆ ಮಣೆಗೆ ಹೊಸ ಹಗ್ಗವನ್ನೂ ಪೂರ್ಣ ಪಟ್ಟಿಯನ್ನೂ ಅದೇ ದಿವಸ ತರಿಸಿದ್ದೇವೆ.

ಸೋದರಳಿಯನಿಗೂ ಕಾಗದ ಬರೆದೆವು. ಜಿಂಕೆಯನ್ನು ಕೊಲ್ಲುವ ವಿಷಯದಲ್ಲಿ ನಮ್ಮ ಮನಸ್ಸು ಕಾಳಿದಾಸನ ತಪಸ್ವಿಗಳ ಕಡೆಗೇ ಇರುವುದೆಂದೂ, ಆದರೂ ಮರವೇರುವುದೇ ಆದರೆ ಮೊಣಕಾಲೆತ್ತರದಲ್ಲಿ ಅರ್ಧ ಗಂಟೆ ಕುಳಿತು, ಇಳಿಯುವುದನ್ನು ಹತ್ತು ಸಲ ಅಭ್ಯಾಸ ಮಾಡಿ, ಆಮೇಲೆ ಹಣ ಕೊಡಬೇಕೆಂದೂ ತಿಳಿಸಿದ್ದೇವೆ. ತೋಟವುಳ್ಳ ವಾಚಕರಿಗೂ ನಮ್ಮ ಬಿನ್ನಹವು ಇದೇ. ಈ ಸಂಚಿಕೆಯನ್ನು ಕೆಳಗಿಟ್ಟ ಮೇಲೆ ಒಮ್ಮೆ ತಮ್ಮ ಕೊನೆಗಾರನ ಮಣೆಯ ಹಗ್ಗವನ್ನು ಕೈಯಲ್ಲಿ ಹಿಡಿದು ಎಳೆದು ನೋಡಬೇಕು. ಸವೆದಿದ್ದರೆ ಸಂತೆಯ ದಿನಕ್ಕಾಗಿ ಕಾಯಬಾರದು.