ಪಂಚನನ್ನು ಆರಿಸುವವರು ಯಾರು?

ಏಕಸಂಬಿ ಕಡೆಯ ರೈತನೊಬ್ಬ ಚಿಕ್ಕೋಡಿಯಲ್ಲಿ ನನ್ನ ಎದುರು ಕೂತು ಪ್ಲಾಸ್ಟಿಕ್ ಚೀಲ ಬಿಚ್ಚಿದ. ಹೊಲದ ಉತಾರ, ಸಕ್ಕರೆ ಕಾರ್ಖಾನೆಯ ಕಾಟಾ ಚೀಟಿಗಳು, ಅವುಗಳ ನಡುವೆ ಒಡೆಯದ ಮೂರು ರಿಜಿಸ್ಟರ್ ಲಕೋಟೆ. ಟ್ರ್ಯಾಕ್ಟರ್ ಸಾಲದ ಕಂತು ತಪ್ಪಿತ್ತು. ಮೊದಲ ಲಕೋಟೆಯಲ್ಲಿ ಮುಂಬೈಯಲ್ಲಿ ಮಧ್ಯಸ್ಥಗಾರರೊಬ್ಬರನ್ನು ನೇಮಿಸಿದ ಸುದ್ದಿ, ಎರಡನೆಯದರಲ್ಲಿ ವಿಚಾರಣೆಯ ತಾರೀಕು, ಮೂರನೆಯದರಲ್ಲಿ ತೀರ್ಪು. ಎಲ್ಲವೂ ಇಂಗ್ಲಿಷಿನಲ್ಲಿ. "ಒಡದ್ ನೋಡಿಲ್ರಿ ವಕೀಲ್ರ. ಸಾಲಾ ತಗೊಳ್ಳೋವಾಗ ಸಹಿ ಮಾಡು ಅಂದ್ರು, ಮಾಡಿದ್ನಿ," ಅಂದ.

ವಾಣಿಜ್ಯ ವ್ಯಾಜ್ಯ, ಮಧ್ಯಸ್ಥಿಕೆ ಎಂದರೆ ಬೆಂಗಳೂರು, ಮುಂಬೈಯ ಗಾಜಿನ ಕಟ್ಟಡಗಳ ಕೆಲಸ ಎಂದು ನಮ್ಮ ಹುಡುಗರು ನಂಬಿದ್ದಾರೆ. ಬೆಳಗಾವಿಯಲ್ಲೋ ಧಾರವಾಡದಲ್ಲೋ ಕಾನೂನು ಓದಿದ ಜಾಣರು ಅತ್ತ ಹೊರಡುತ್ತಾರೆ. ಅವರನ್ನು ದೂರುವುದಿಲ್ಲ, ಮೊದಲ ಐದಾರು ವರ್ಷ ಇಲ್ಲಿ ಹೊಟ್ಟೆ ತುಂಬುವುದೂ ಕಷ್ಟ. ಆದರೆ ವ್ಯಾಪಾರ ಇರುವುದು ಇಲ್ಲಿ. ಕಬ್ಬು, ನಿಪ್ಪಾಣಿಯ ತಂಬಾಕು, ಅಥಣಿಯ ಚಪ್ಪಲಿ, ಕಟಾವಿನ ಗ್ಯಾಂಗಿಗೆ ಕೊಡುವ ಮುಂಗಡ, ಊರೂರಿನ ಸೊಸೈಟಿಗಳು. ಎಲ್ಲದರ ಹಿಂದೆಯೂ ಒಂದು ಕರಾರು ಇದೆ. ಓದದೆ ಸಹಿ ಮಾಡಿದ ಕರಾರು.

ಮಧ್ಯಸ್ಥಿಕೆ ನಮಗೆ ಹೊಸತಲ್ಲ. ಚಾವಡಿಯಲ್ಲಿ ಪಂಚರು ಕೂಡುತ್ತಿದ್ದರು. ಹಿರಿಯರ ಪಂಚಾಯತಿಯಲ್ಲೂ ಅನ್ಯಾಯ ನಡೆದಿದೆ, ಕೆಳಜಾತಿಯವರಿಗೆ, ಹೆಣ್ಣುಮಕ್ಕಳಿಗೆ ಹೆಚ್ಚಾಗಿ ನಡೆದಿದೆ. ಆದರೂ ಅದರ ಮೂಲದಲ್ಲಿ ಒಂದು ಸರಿಯಾದ ಮಾತಿತ್ತು: ನ್ಯಾಯ ಹೇಳುವವನು ಎರಡೂ ಕಡೆಯವರಿಗೆ ಬೇಕಾದವನಾಗಿರಬೇಕು. ಸಾಲ ಕೊಟ್ಟವರೇ ಪಂಚನನ್ನೂ ನೇಮಿಸಿದರೆ ಆ ಮಾತು ಮುರಿಯುತ್ತದೆ.

ಕಾನೂನಿಗೂ ಇದು ತಿಳಿದಿದೆ. 1996ರ ಮಧ್ಯಸ್ಥಿಕೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದು, ಒಂದು ಕಡೆಯೊಂದಿಗೆ ನಂಟುಳ್ಳವರು ಮಧ್ಯಸ್ಥಗಾರರಾಗುವಂತಿಲ್ಲ ಎಂದರು. ವ್ಯಾಜ್ಯದಲ್ಲಿ ಹಿತಾಸಕ್ತಿ ಇರುವವರು ಏಕೈಕ ಮಧ್ಯಸ್ಥಗಾರರನ್ನು ನೇಮಿಸುವಂತೆಯೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಸಮಾನತೆಯ ತತ್ವವನ್ನೇ ಮುಂದಿಟ್ಟು ಏಕಪಕ್ಷೀಯ ನೇಮಕದ ಷರತ್ತುಗಳನ್ನು ತಪ್ಪೆಂದಿತು. ಏಕಸಂಬಿಯ ಬೀರೇಶ್ವರ ಸೊಸೈಟಿಯಂಥ ಬಹುರಾಜ್ಯ ಸಹಕಾರಿಗಳಲ್ಲಿ ವ್ಯಾಜ್ಯ ಬಂದರೆ ಮಧ್ಯಸ್ಥಗಾರರನ್ನು ನೇಮಿಸುವ ಅಧಿಕಾರ ಕೇಂದ್ರ ರಿಜಿಸ್ಟ್ರಾರರದು. 2002ರ ಬಹುರಾಜ್ಯ ಸಹಕಾರಿ ಕಾಯ್ದೆಯ 84ನೇ ಕಲಮು ಹಾಗೆ ಹೇಳುತ್ತದೆ. ಆ ದಾರಿ ಸರಿ.

ಇದನ್ನೆಲ್ಲ ಹೊಲದವರೆಗೆ ತಲುಪಿಸುವವರು ಯಾರು? ತೀರ್ಪಿನ ಪ್ರತಿ ಕೈಸೇರಿದ ಮೂರು ತಿಂಗಳಲ್ಲಿ ಪ್ರಶ್ನಿಸಬೇಕು. ಸಕಾರಣವಿದ್ದರೆ ಇನ್ನು 30 ದಿನ, ಆಮೇಲೆ ಒಂದು ದಿನವೂ ಇಲ್ಲ. ತೀರ್ಪು ಎಲ್ಲೇ ಆಗಿರಲಿ, ಆಸ್ತಿ ಇರುವ ಊರಿನ ಕೋರ್ಟಿನಲ್ಲೇ ಅಮಲ್ಜಾರಿ ಅರ್ಜಿ ಹಾಕಬಹುದು. ಇದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ ಮಾತು. ವಿಚಾರಣೆ ದೂರದಲ್ಲಿ, ಜಪ್ತಿ ಮನೆ ಬಾಗಿಲಲ್ಲಿ.

ಸಮಬಲರ ನಡುವೆ ಮಧ್ಯಸ್ಥಿಕೆ ನಿಜಕ್ಕೂ ಒಳ್ಳೆಯ ದಾರಿ. ಕಾರ್ಖಾನೆಗೂ ಯಂತ್ರ ಒದಗಿಸಿದವರಿಗೂ ಜಗಳವಾದರೆ ಕೋರ್ಟಿನಲ್ಲಿ ಹತ್ತು ವರ್ಷ ಕಾಯುವುದಕ್ಕಿಂತ ಮೇಲು. ಎರಡೂ ಕಡೆ ವಕೀಲರಿರುತ್ತಾರೆ, ಲೆಕ್ಕ ಬಲ್ಲವರಿರುತ್ತಾರೆ. ಕಬ್ಬು ಕಳಿಸಿದವನ ಕಡೆ ಯಾರಿದ್ದಾರೆ? 1966ರ ಕಬ್ಬು ನಿಯಂತ್ರಣ ಆದೇಶದಂತೆ 14 ದಿನದೊಳಗೆ ಬಿಲ್ಲು ಬರಬೇಕು, ತಡವಾದರೆ ಶೇ. 15 ಬಡ್ಡಿ ಸಿಗಬೇಕು. ಬಾಕಿ ಬಂದರೆ ಸಾಕೆಂದು ಬಡ್ಡಿ ಕೇಳದೆ ಸುಮ್ಮನಾದವರನ್ನು ನಾನು ಎಷ್ಟೋ ಜನ ಕಂಡಿದ್ದೇನೆ. ಕಾಟಾ ಚೀಟಿ ಓದಬಲ್ಲ, ಇಳುವರಿಯ ಲೆಕ್ಕ ಬಲ್ಲ, ಕನ್ನಡ ಮರಾಠಿ ಎರಡರಲ್ಲೂ ಕಕ್ಷಿದಾರನ ಮಾತು ಹಿಡಿಯಬಲ್ಲ ಹುಡುಗ ಈ ಕೆಲಸಕ್ಕೆ ಹೇಳಿ ಮಾಡಿಸಿದವನು. ಅಂಥವನು ಸಹಿಗೆ ಮೊದಲೇ ಕರಾರಿನ ಕೊನೆಯ ಪುಟ ಓದಿ ಹೇಳಿದರೆ ಅರ್ಧ ವ್ಯಾಜ್ಯ ಹುಟ್ಟುವುದೇ ಇಲ್ಲ.

ಮೂರನೆಯ ಲಕೋಟೆಯ ಅಂಚೆ ಮುದ್ರೆ ನೋಡಿ ಬೆರಳು ಮಡಚಿ ಎಣಿಸಿದೆ. ಎಪ್ಪತ್ತೊಂಬತ್ತು ದಿನ. ತೀರ್ಪು ಪ್ರಶ್ನಿಸುವ ಅರ್ಜಿ ಮುಂಬೈಯಲ್ಲೇ ಹಾಕಬೇಕಿತ್ತು. ಅಂದು ಸಂಜೆಯೇ ಅಲ್ಲಿನ ವಕೀಲರಿಗೆ ಫೋನ್ ಮಾಡಿ, ವಕಾಲತ್ತಿಗೆ ಆ ರೈತನ ಸಹಿ ತಗೊಂಡೆ. ಸಹಿಗೆ ಮೊದಲು ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿದೆ.