ಬೀಜದ ಕುದುರೆ ಬಿದ್ದಾಗ



ಹಸುವಿಗೆ ಸೂಜಿ ಹಾಕಿಸುವುದು ಇಂದು ಯಾವ ಹಳ್ಳಿಗೂ ಹೊಸದಲ್ಲ. ದೇವಣಿ ಹೋರಿ ನಮ್ಮ ಕಣ್ಣೆದುರಿಗೆ ಇರಬೇಕೆಂದೇನಿಲ್ಲ, ಅದರ ವೀರ್ಯದ ಕಡ್ಡಿ ಪಶು ಆಸ್ಪತ್ರೆಯ ಜಾಡಿಯಲ್ಲಿದ್ದರೆ ಸಾಕು, ಕರು ಹುಟ್ಟುತ್ತದೆ. ಹೋರಿ ಸತ್ತು ವರ್ಷಗಳಾಗಿದ್ದರೂ ಹುಟ್ಟುತ್ತದೆ. ಕುಟುಂಬದ ಪತ್ರಿಕೆಯಲ್ಲಿ ಇಂಥ ಮಾತು ಏಕೆಂದು ಕೆಲವು ಹಿರಿಯರು ಹುಬ್ಬು ಗಂಟಿಕ್ಕಬಹುದು. ದನ ಕಟ್ಟಿದ ಮನೆಯಲ್ಲಿ ಇದು ದಿನನಿತ್ಯದ ಮಾತೇ ಆದ್ದರಿಂದ ಸಂಕೋಚವಿಲ್ಲದೆ ಬರೆಯುತ್ತಿದ್ದೇವೆ.

ಭಾರತದಲ್ಲಿ ಈ ಪದ್ಧತಿ ಮೊದಲು ನಡೆದದ್ದು ಕನ್ನಡ ನಾಡಿನಲ್ಲೇ. 1939 ರಲ್ಲಿ ಮೈಸೂರಿನ ಅರಮನೆ ಡೈರಿ ಫಾರ್ಮಿನಲ್ಲಿ ಡಾ. ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ವಿದೇಶೀ ಹೋರಿಯ ವೀರ್ಯವನ್ನು ಸೇರಿಸಿ ಗರ್ಭ ನಿಲ್ಲಿಸಿದರು. ಆಗ ಅದನ್ನು ಬಹುಕಾಲ ಕೆಡದಂತೆ ಇಡುವ ಉಪಾಯ ತಿಳಿದಿರಲಿಲ್ಲ. 1949 ರಲ್ಲಿ ಇಂಗ್ಲೆಂಡಿನ ಮೂವರು ವಿಜ್ಞಾನಿಗಳು ಗ್ಲಿಸರಿನ್ ಬೆರೆಸಿದರೆ ವೀರ್ಯಾಣುಗಳು ಹೆಪ್ಪುಗಟ್ಟಿಯೂ ಸಾಯುವುದಿಲ್ಲವೆಂದು ಕಂಡುಕೊಂಡ ಮೇಲೆ ದಾರಿ ತೆರೆಯಿತು.

ದನಗಳ ಮಾತು ಹೀಗಿರಲು, ಕುದುರೆಗಳ ಗತಿ ಏನು? ಈ ಪ್ರಶ್ನೆ ನಮ್ಮ ಮುಂದೆ ಬಂದದ್ದು ಅಂಗಡಿಯ ಕಟ್ಟೆಯ ಮೇಲೆ. ಧಾರೂರಿನಲ್ಲಿ ನಮ್ಮಲ್ಲಿ ಕಡಲೆ, ಹಿಂಡಿ ಒಯ್ಯುವ ಗಿರಾಕಿಯೊಬ್ಬರು ಮದುವೆ ಮೆರವಣಿಗೆಗೆ ಕುದುರೆ ಕೊಡುತ್ತಾರೆ. ಅವರ ಬಿಳಿ ಗಂಡು ಕುದುರೆ ಲಾರಿಯಿಂದ ಇಳಿಯುವಾಗ ಜಾರಿ ಹಿಂಗಾಲು ಮುರಿದುಕೊಂಡಿತು. ಅವರು ಬಂದು, "ಸಾವ್ಕಾರ್ರ, ಡಾಕ್ಟರು ಇದು ಉಳಿಯಂಗಿಲ್ಲ ಅಂದ್ರು. ಕುದರಿ ಹೋದ್ರ ಹೋಗ್ಲಿ, ಅದರ ವಂಶರೇ ಉಳಿಸ್ಲಾಕ ಬರ್ತದೇನ್ರಿ?" ಎಂದು ಕೇಳಿದರು. ಅವರ ಕಣ್ಣಲ್ಲಿ ನೀರಿತ್ತು. ಮನೆಯ ನಾಲ್ಕು ಜನರ ಅನ್ನ ಆ ಕುದುರೆಯ ಬೆನ್ನ ಮೇಲಿತ್ತು. ನಮ್ಮ ಭಾವಮೈದುನನ ಮಗ ಪಶುವೈದ್ಯ. ಅವನಿಗೆ ಫೋನು ಹಚ್ಚಿ ಕೊಟ್ಟೆವು. ಆ ಸಂಜೆ ಅವನು ಹೇಳಿದ್ದನ್ನೂ ಆಮೇಲೆ ನಾವು ಕೇಳಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯದಾಗಿ, ಕಾಲು ಮುರಿದ ಕುದುರೆ ಏಕೆ ಉಳಿಯುವುದಿಲ್ಲ? ಮನುಷ್ಯನಾದರೆ ಪಟ್ಟಿ ಕಟ್ಟಿಸಿಕೊಂಡು ಮಂಚದ ಮೇಲೆ ಮಲಗುತ್ತಾನೆ. ನಾನೂರು ಐನೂರು ಕಿಲೋ ತೂಕದ ಕುದುರೆ ಬಹಳ ದಿನ ಮಲಗಿರಲಾರದು. ನಿಂತರೆ ಮುರಿದ ಕಾಲಿನ ಭಾರವೆಲ್ಲ ಉಳಿದ ಕಾಲುಗಳ ಮೇಲೆ ಬಿದ್ದು, ಆ ಗೊರಸುಗಳ ಒಳಭಾಗವೇ ಕಿತ್ತುಬರುವ ಭಯಂಕರ ನೋವಿನ ರೋಗ ಬರುತ್ತದೆ. ಅಮೆರಿಕದ ಬಾರ್ಬರೊ ಎಂಬ ಪ್ರಸಿದ್ಧ ರೇಸ್ ಕುದುರೆ 2006 ರ ಮೇ ತಿಂಗಳಲ್ಲಿ ಓಟದ ನಡುವೆ ಕಾಲು ಮುರಿದುಕೊಂಡಿತು. ದೊಡ್ಡ ಆಸ್ಪತ್ರೆಯಲ್ಲಿ ಎಂಟು ತಿಂಗಳು ಚಿಕಿತ್ಸೆ ನಡೆಯಿತು. ಮೂಳೆ ಕೂಡುತ್ತ ಬಂದರೂ ಈ ಗೊರಸಿನ ರೋಗವೇ ಕಾಡಿ, 2007 ರ ಜನವರಿಯಲ್ಲಿ ಅದಕ್ಕೆ ಮರಣದ ಚುಚ್ಚುಮದ್ದು ಕೊಟ್ಟರು.

ಇನ್ನು ವಂಶದ ಮಾತು. ಗಾಯಗೊಂಡ ಕುದುರೆ ಹೆಣ್ಣನ್ನು ಹತ್ತಲಾರದು. ನೋವು ಅಷ್ಟಿಲ್ಲದಿದ್ದರೆ ಕೆಲವನ್ನು ನಿಂತಲ್ಲೇ ನಿಲ್ಲಿಸಿ, ಕೆಲವಕ್ಕೆ ಔಷಧಿ ಕೊಟ್ಟು ವೀರ್ಯ ಸಂಗ್ರಹಿಸುವುದುಂಟು. ಅದೂ ಸಾಧ್ಯವಾಗದಿದ್ದರೆ ಕುದುರೆ ಸತ್ತ ಕೂಡಲೇ ವೃಷಣಗಳನ್ನು ತೆಗೆದು, ಐದು ಡಿಗ್ರಿಯಷ್ಟು ತಂಪಿನಲ್ಲಿಟ್ಟು ಪ್ರಯೋಗಶಾಲೆಗೆ ಮುಟ್ಟಿಸಬೇಕು. ವೃಷಣಕ್ಕೆ ಅಂಟಿಕೊಂಡ ಸುರುಳಿ ನಾಳದ ಬಾಲದ ತುದಿಯಲ್ಲಿ ಪಕ್ವವಾದ ವೀರ್ಯಾಣುಗಳು ಕೂಡಿಟ್ಟಿರುತ್ತವೆ, ಕಣಜದಲ್ಲಿ ಕಾಳು ಇದ್ದಂತೆ. ಅವನ್ನು ತೊಳೆದು ಹೊರತೆಗೆದು, ಹಾಲು, ಮೊಟ್ಟೆಯ ಹಳದಿ, ಗ್ಲಿಸರಿನ್ ಮುಂತಾದವುಗಳ ದ್ರಾವಣದಲ್ಲಿ ಬೆರೆಸಿ, ಸಣ್ಣ ಕಡ್ಡಿಗಳಲ್ಲಿ ತುಂಬಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಇಡುತ್ತಾರೆ. ಸಾಮಾನ್ಯವಾಗಿ ಇಷ್ಟೆಲ್ಲ ಒಂದು ದಿನದೊಳಗೆ ಆಗಬೇಕು. ಐಸು ನೇರವಾಗಿ ತಾಗಬಾರದು, ಬಿಸಿಲಂತೂ ಬೇಡವೇ ಬೇಡ. ಇದು ತೀರ ಹೊಸ ವಿದ್ಯೆಯೂ ಅಲ್ಲ. ಕೆನಡಾ ದೇಶದಲ್ಲಿ ಹೀಗೆ ನಾಳದಿಂದ ತೆಗೆದು ಹೆಪ್ಪುಗಟ್ಟಿಸಿದ ವೀರ್ಯದಿಂದ ಕುದುರೆ ಗಬ್ಬವಾದ ಸಂಗತಿ 1957 ರಲ್ಲೇ ಪ್ರಕಟವಾಗಿದೆ.

ಲೆಕ್ಕ ಮಾತ್ರ ದನದಂತಲ್ಲ. ಹಸುವಿಗೆ ಒಂದು ಕಡ್ಡಿ ಸಾಕು, ಹೆಣ್ಣು ಕುದುರೆಗೆ ಒಂದೇ ಸಲಕ್ಕೆ ಹಲವು ಕಡ್ಡಿ ಬೇಕು. ಅದೂ ಅಂಡ ಬಿಡುಗಡೆಯಾಗುವ ಕೆಲವೇ ಗಂಟೆಗಳ ಆಚೀಚೆ ಹಾಕಬೇಕು. ವೈದ್ಯರು ರಾತ್ರಿ ಹಗಲು ಯಂತ್ರ ಹಿಡಿದು ನೋಡುತ್ತ ಕೂಡಬೇಕು. ಕೆಲವು ಗಂಡುಗಳ ವೀರ್ಯ ಹೆಪ್ಪು ತಡೆಯುವುದೇ ಇಲ್ಲ. ಮರಿ ಕಾಣಲು ಮತ್ತೆ ಹನ್ನೊಂದು ತಿಂಗಳು ಕಾಯಬೇಕು. ಸತ್ತ ಕುದುರೆಯಿಂದ ಸಿಗುವುದು ಒಂದೇ ಸಲದ ಸಂಗ್ರಹ, ಖರ್ಚಾದರೆ ಮುಗಿಯಿತು. ವ್ಯಾಪಾರಿಗಳಾದ ನಮಗೆ ಇದು ಬಡ್ಡಿಯಿಲ್ಲದ ಗಂಟಿನಂತೆ ಕಾಣುತ್ತದೆ. ಆದ್ದರಿಂದ ತಿಳಿದವರು ಗಂಡು ಗಟ್ಟಿಯಾಗಿರುವಾಗಲೇ ಕಡ್ಡಿ ತುಂಬಿಸಿಡುತ್ತಾರೆ. ಬೇನೆ ಬಿದ್ದ ಮೇಲೆ ಜ್ವರ ಬಂದರೆ ಕೆಲವು ವಾರಗಳ ನಂತರ ತಯಾರಾಗುವ ವೀರ್ಯವೂ ಕೆಡುತ್ತದೆ. ರೋಗ ಅಂಟುವಂಥದ್ದೋ ವಂಶದಿಂದ ಬಂದದ್ದೋ ಆಗಿದ್ದರೆ ಆ ಬೀಜವನ್ನು ಇಡದಿರುವುದೇ ಲೇಸು.

ರೇಸ್ ಕುದುರೆಗಳಿಗೆ ಈ ಬಾಗಿಲೂ ಮುಚ್ಚಿದೆ. ಟೀಪುವಿನ ಕಾಲದಿಂದ ಹೆಸರಾದ ಕುಣಿಗಲ್ ಸ್ಟಡ್ ಫಾರ್ಮಿನ ಥರೋಬ್ರೆಡ್ ಆಗಲಿ, ಅಮೆರಿಕದ್ದಾಗಲಿ, ಸಹಜವಾಗಿ ಗಂಡು ಹೆಣ್ಣು ಕೂಡಿ ಹುಟ್ಟಿದ ಮರಿಗೆ ಮಾತ್ರ ವಂಶಾವಳಿ ಪುಸ್ತಕದಲ್ಲಿ ಜಾಗ. ಹೀಗಾಗಿ ಬಾರ್ಬರೊ ವಂಶವಿಲ್ಲದೆ ಹೋಯಿತು. ಕೋಟಿಗಟ್ಟಲೆ ಬೆಲೆಯ ಕುದುರೆಗೆ ಇಲ್ಲದ ಅನುಕೂಲ ಮೆರವಣಿಗೆಯ ಕುದುರೆಗೆ ಇದೆಯೆಂಬುದು ವಿಚಿತ್ರವೇ ಸರಿ.

ಅನುಕೂಲವಿದೆ, ಆದರೆ ಹತ್ತಿರದಲ್ಲಿಲ್ಲ. ಕೇಂದ್ರ ಸರಕಾರದ ಕುದುರೆ ಸಂಶೋಧನಾ ಕೇಂದ್ರ ಹರಿಯಾಣದ ಹಿಸಾರದಲ್ಲಿದೆ. ಅದರ ಬಿಕಾನೇರ ಶಾಖೆಯಲ್ಲಿ ದೇಶೀ ತಳಿಗಳ ವೀರ್ಯ ಹೆಪ್ಪುಗಟ್ಟಿಸುವ ಕೆಲಸ ನಡೆದಿದೆ. 2023 ರಲ್ಲಿ ಭ್ರೂಣ ವರ್ಗಾವಣೆಯಿಂದ ಮಾರವಾಡಿ ತಳಿಯ ಮರಿಯನ್ನೂ ಪಡೆದಿದ್ದಾರೆ. ನಮ್ಮ ಗಿರಾಕಿಯ ಕುದುರೆಗೆ ಇದಾವುದೂ ಒದಗಲಿಲ್ಲ. ಮೂರನೆಯ ದಿನ ಅದು ತೀರಿಕೊಂಡಿತು. ಒಂದು ದಿನದೊಳಗೆ ಧಾರೂರಿನಿಂದ ಬಿಕಾನೇರಕ್ಕೆ ತಂಪಿನ ಪೆಟ್ಟಿಗೆ ಮುಟ್ಟಿಸುವುದು ರೈಲಿನ ಕೆಲಸವಲ್ಲ.

ನಮ್ಮ ಸೀಮೆ ಒಂದು ಕಾಲಕ್ಕೆ ಕುದುರೆಯ ಪೇಟೆಯೇ ಆಗಿತ್ತು. ಬಹಮನಿ ಸುಲ್ತಾನರ ಕಾಲದಲ್ಲಿ, 1470 ರ ಸುಮಾರಿಗೆ, ಅಫನಾಸಿ ನಿಕಿತಿನ್ ಎಂಬ ರಷ್ಯನ್ ವ್ಯಾಪಾರಿ ಒಂದೇ ಒಂದು ಗಂಡು ಕುದುರೆಯನ್ನು ಬಂಡವಾಳ ಮಾಡಿಕೊಂಡು ಸಮುದ್ರ ದಾಟಿ ಬಂದನು. ಜುನ್ನಾರದಲ್ಲಿ ಅಲ್ಲಿನ ಅಧಿಕಾರಿ ಅದನ್ನು ಕಸಿದುಕೊಂಡು, ಮತಾಂತರವಾದರೆ ಕೊಡುವೆನೆಂದು ಹೆದರಿಸಿದನು. ಮತ್ತೊಬ್ಬರ ಶಿಫಾರಸಿನಿಂದ ಕುದುರೆ ಮರಳಿ ಸಿಕ್ಕಿತು, ಅದನ್ನು ಬೀದರದಲ್ಲಿ ಮಾರಿದನು. ಆಳಂದದ ಜಾತ್ರೆಗೆ ಇಪ್ಪತ್ತು ಸಾವಿರದವರೆಗೆ ಕುದುರೆಗಳು ಬರುತ್ತಿದ್ದವೆಂದು ಅವನು ಬರೆದಿಟ್ಟಿದ್ದಾನೆ. ಇಂದು? 2012 ರಲ್ಲಿ ದೇಶದಲ್ಲೆಲ್ಲ ಆರೂ ಕಾಲು ಲಕ್ಷ ಕುದುರೆಗಳಿದ್ದವು, 2019 ರ ಗಣತಿಯಲ್ಲಿ ಮೂರು ಲಕ್ಷ ನಲವತ್ತು ಸಾವಿರಕ್ಕೆ ಇಳಿದವು. ಭೀಮಾ ತೀರದ ಹೆಸರು ಹೊತ್ತ ಭೀಮಥಡಿ ತಳಿ, ಅಂದರೆ ಹಳೆಯ ದಖ್ಖನಿ ಕುದುರೆ, ಇಂದು ಉಳಿದಿರುವುದು ಹೆಚ್ಚಾಗಿ ಮಹಾರಾಷ್ಟ್ರದ ಧನಗರ ಕುರಿಗಾರರ ಕೈಯಲ್ಲಿ. ಸಂಖ್ಯೆ ಇಷ್ಟು ಕಡಿಮೆಯಾದಾಗ ಒಂದು ಒಳ್ಳೆಯ ಗಂಡು ಲಾರಿಯಿಂದ ಬಿದ್ದರೆ ಅದು ಒಬ್ಬ ಮಾಲೀಕನ ನಷ್ಟ ಮಾತ್ರವಲ್ಲ.

ಆದರೂ ನಮ್ಮ ಮನಸ್ಸಿಗೆ ಒಪ್ಪದ ಒಂದು ಸಂಗತಿ ಇದೆ. ಸಾಯುತ್ತಿರುವ ಪ್ರಾಣಿಯನ್ನು ಬೀಜಕ್ಕಾಗಿ ಇನ್ನೆರಡು ದಿನ ನರಳಿಸುವುದು, ಜೀವವಿರುವಾಗಲೇ ಅದರ ಮೇಲೆ ಕತ್ತಿ ಆಡಿಸುವುದು, ವೈದ್ಯರು ಅರಿವಳಿಕೆ ಕೊಟ್ಟರೂ ಸರಿ, ನಮಗೆ ಸೇರದು. ಪಾಂಜರಪೋಳ ಕಟ್ಟಿದ ಜನ ನಾವು. ಮರಣದ ಚುಚ್ಚುಮದ್ದಿನ ಬಗ್ಗೆ ನಮ್ಮಲ್ಲಿ ಎಷ್ಟೇ ಚರ್ಚೆ ಇರಲಿ, ನೋವು ತಗ್ಗಿಸುವ ಔಷಧಿ, ನೆರಳು, ನೀರು ಕೊಡಲು ಯಾವ ಚರ್ಚೆಯೂ ಬೇಕಿಲ್ಲ. ಅದು ತಾನಾಗಿ ಪ್ರಾಣ ಬಿಟ್ಟ ಮೇಲೆ ತೆಗೆಯುವುದರಲ್ಲಿ ನಮಗೆ ದೋಷ ಕಾಣುವುದಿಲ್ಲ. ಮುನಿಗಳನ್ನೂ ಪಂಡಿತರನ್ನೂ ಕೇಳಿ ವಾಚಕರು ತಮ್ಮ ಅಭಿಪ್ರಾಯ ಬರೆದರೆ ಸಂತೋಷ.

ಮಾರ್ಗಶಿರದಲ್ಲಿ ನಾಂದೇಡ ಜಿಲ್ಲೆಯ ಮಾಳೇಗಾಂವ ಖಂಡೋಬಾನ ಜಾತ್ರೆಗೆ ನಮ್ಮ ಕಡೆಯಿಂದಲೂ ಕುದುರೆ ಕೊಳ್ಳಲು ಹೋಗುವವರಿದ್ದಾರೆ. ಬೆಲೆಬಾಳುವ ಗಂಡು ತಂದವರು ಅದು ಗಟ್ಟಿಯಾಗಿರುವಾಗಲೇ ಬಿಕಾನೇರಕ್ಕೆ ಒಂದು ಕಾಗದ ಹಾಕಿ, ಕಡ್ಡಿ ತುಂಬಿಸಲು ಏನು ಖರ್ಚು, ಯಾವ ತಿಂಗಳು ಬರಬೇಕು ಎಂದು ವಿಚಾರಿಸಿಡಬಹುದು. ನಮ್ಮ ಗಿರಾಕಿ ಈ ಸಲ ಎರಡು ವರ್ಷದ ಕಂದು ಗಂಡನ್ನು ನೋಡಿ ಬಂದಿದ್ದಾರೆ, ಬೆಲೆ ಇನ್ನೂ ಕುದುರಿಲ್ಲ.